ಲಗತ್ತು ಇಲ್ಲ, ಹಿಂದಿರುಗಿಸಿದೆ

ಮೂವತ್ತೊಂದು ವರ್ಷ ನೀರು ಸರಬರಾಜು ಕಚೇರಿಯ ಟಪಾಲು ವಿಭಾಗದಲ್ಲಿ ಕೂತಿದ್ದ ನನಗೆ ಜನ ಇಟ್ಟ ಹೆಸರು ಲಗತ್ತುರಾಯ. ಹೆಸರಿನ ಬಗ್ಗೆ ನನಗೇನೂ ಬೇಸರವಿಲ್ಲ. ನಲ್ಲಿ ಬೇಕು ಎನ್ನುವವರು ಮನೆ ಪತ್ರದ ಪ್ರತಿ ಲಗತ್ತಿಸಬೇಕು, ನಲ್ಲಿ ಬೇಡ ಎನ್ನುವವರು ಮೊದಲು ನಲ್ಲಿ ಇತ್ತು ಎಂಬುದಕ್ಕೆ ಪುರಾವೆ ಲಗತ್ತಿಸಬೇಕು. ಲಗತ್ತಿಸದವರ ಅರ್ಜಿಯ ನೆತ್ತಿಯ ಮೇಲೆ ನಾನೊಂದು ರಬ್ಬರ್ ಸೀಲು ಒತ್ತುತ್ತಿದ್ದೆ: 'ಲಗತ್ತು ಇಲ್ಲ. ಹಿಂದಿರುಗಿಸಿದೆ.' ಒಮ್ಮೆ ನಮ್ಮ ಮೇಲಧಿಕಾರಿಗಳ ರಜೆ ಅರ್ಜಿಯನ್ನೂ ಹೀಗೇ ಹಿಂದಿರುಗಿಸಿದ್ದೆ. ಹೊಟ್ಟೆನೋವು ಎಂದು ಬರೆದಿದ್ದರು, ವೈದ್ಯರ ಚೀಟಿ ಇರಲಿಲ್ಲ. ಪಾಪ, ಅವತ್ತು ಸಂಜೆಯವರೆಗೂ ಹೊಟ್ಟೆ ಹಿಡಿದುಕೊಂಡೇ ಕೆಲಸ ಮಾಡಿದರು. ನಿವೃತ್ತಿಯ ದಿನ ಸಹೋದ್ಯೋಗಿಗಳು ಆ ಸೀಲನ್ನೇ ಬಣ್ಣದ ಕಾಗದದಲ್ಲಿ ಸುತ್ತಿ ನನಗೆ ಉಡುಗೊರೆಯಾಗಿ ಕೊಟ್ಟರು. ಪ್ರೀತಿಯಿಂದ ಕೊಟ್ಟರೋ, ಅದು ಕಚೇರಿಯಿಂದ ತೊಲಗಿದರೆ ಸಾಕೆಂದು ಕೊಟ್ಟರೋ, ವಿಚಾರಿಸಲು ಹೋಗಲಿಲ್ಲ.

ನನ್ನ ಹೆಂಡತಿಗೆ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ. ಮೂರು ಯಂತ್ರ, ಜೊತೆಗೆ ಇಬ್ಬರು ಹೆಂಗಸರು. ಒಬ್ಬರು ಕಾಲರ್ ಕೂರಿಸುವುದರಲ್ಲಿ ಎತ್ತಿದ ಕೈ, ಇನ್ನೊಬ್ಬರು ಕಾಜಾ ಹೊಲಿಯುವುದರಲ್ಲಿ. ಬೀದಿಯವರೆಲ್ಲ ಅವರನ್ನು ಕಾಲರಕ್ಕ, ಕಾಜಕ್ಕ ಎಂದೇ ಕರೆಯುವುದು. ಹದಿನಾಲ್ಕು ವರ್ಷದಿಂದ ಅವರಿಬ್ಬರೂ ಇಲ್ಲೇ. ಹೋದ ವರ್ಷ ಬೀದಿಯ ಕೊನೆಯಲ್ಲಿ ಸಿದ್ಧ ಉಡುಪಿನ ಎರಡು ಅಂತಸ್ತಿನ ಮಳಿಗೆ ಬಂದ ಮೇಲೆ ಹೊಲಿಸುವವರು ಕಡಿಮೆಯಾದರು. ಬರೀ ಅಂಚು ಮಡಚುವ ಕೆಲಸ, ಜಿಪ್ ಬದಲಾಯಿಸುವ ಕೆಲಸ. ಇದೇ ರೀತಿ ಇನ್ನೆರಡು ತಿಂಗಳು ನಡೆದರೆ ಅವರಿಬ್ಬರನ್ನೂ ಮನೆಗೆ ಕಳಿಸಬೇಕಾಗುತ್ತದೆ ಎಂದು ಹೆಂಡತಿ ಒಂದು ದಿನ ನನ್ನೆದುರು ಹೇಳಿ, ತಕ್ಷಣ ಎದ್ದು ಒಳಗೆ ಹೋದಳು. ಅವಳು ಹಾಗೆ ಎದ್ದು ಹೋದರೆ ಅಳುತ್ತಿದ್ದಾಳೆಂದು ಅರ್ಥ.

ಅಂಥ ಹೊತ್ತಿನಲ್ಲಿ, ಒಂದು ಬುಧವಾರ, ಹತ್ತಿರದ ಶಾಲೆಯಿಂದ ಕಾಗದ ಬಂತು. ಮುನ್ನೂರು ಮಕ್ಕಳಿಗೆ ಸಮವಸ್ತ್ರ ಹೊಲಿಸಬೇಕಾಗಿದೆ, ಆಸಕ್ತರು ತಮ್ಮ ಜಾಲತಾಣದ ವಿಳಾಸ ಕಳಿಸಿ, ಸೋಮವಾರ ಹನ್ನೊಂದು ಗಂಟೆಗೆ ತೀರ್ಮಾನ ಎಂದು ಮುಖ್ಯೋಪಾಧ್ಯಾಯಿನಿಯವರ ಸಹಿ ಇತ್ತು.

"ನಮಗೆಲ್ಲಿದೆ ಜಾಲತಾಣ?" ಎಂದಳು ಹೆಂಡತಿ. "ತಮ್ಮನಿಗೆ ಹೇಳ್ತೀನಿ. ಅರ್ಧ ದಿನದಲ್ಲಿ ಮಾಡಿಕೊಡ್ತಾನೆ."

ಅವಳ ತಮ್ಮನಿಗೆ ಮೊಬೈಲ್ ರಿಪೇರಿ ಅಂಗಡಿ ಇದೆ. ಒಳ್ಳೆಯವನೇ. ಆದರೆ ನಿವೃತ್ತಿಯ ನಂತರ ಹತ್ತು ದಿನದ ಕಂಪ್ಯೂಟರ್ ತರಬೇತಿ ಮುಗಿಸಿ, ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಮನುಷ್ಯ ಮನೆಯಲ್ಲೇ ಇರುವಾಗ ಹೊರಗಿನವರನ್ನು ಕರೆಯುವುದೇ?

"ನಾನು ಮಾಡ್ತೀನಿ" ಎಂದೆ.

"ರೀ, ಇದು ಇಬ್ಬರ ಅನ್ನದ ಪ್ರಶ್ನೆ."

"ಅದಕ್ಕೇ ನಾನು ಮಾಡ್ತೀನಿ ಅಂದಿದ್ದು."

ಹೆಂಡತಿ ಗೋಡೆಯ ಮೇಲಿನ ಪ್ರಮಾಣಪತ್ರ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಯಂತ್ರ ತುಳಿಯತೊಡಗಿದಳು. ಇದನ್ನು ನಾನು ಒಪ್ಪಿಗೆ ಎಂದು ದಾಖಲಿಸಿಕೊಂಡೆ.

ಜಾಲತಾಣಕ್ಕೆ ಮೊದಲು ಬೇಕಾದದ್ದು ಚೆಂದದ ಅಕ್ಷರ. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಅಕ್ಷರಗಳ ರಾಶಿಯೇ ಬಿದ್ದಿತ್ತು. ಬಿಟ್ಟಿ ಸಿಕ್ಕಿದರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಜಾತಿ ನನ್ನದಲ್ಲ. ಒಂದೊಂದನ್ನೇ ಪರಿಶೀಲಿಸಿದೆ. ಕೆಲವು ತೀರಾ ಒಣಕಲು, ಕೆಲವು ತಿಂದು ಮಲಗಿದಂಥವು. ಕೊನೆಗೆ 'ದುಂಡುಸಾಲು' ಎಂಬ ಒಂದು ಫಾಂಟ್ ಸಿಕ್ಕಿತು. ಹಳೆಯ ಕಾಲದ್ದು, ನಾನು ಕಚೇರಿಯಲ್ಲಿ ಟೈಪ್ ಮಾಡುತ್ತಿದ್ದ ಪದ್ಧತಿಯಲ್ಲೇ ಮೂಡುವಂಥದ್ದು. ಒಂದೊಂದು ಅಕ್ಷರವೂ ಹೊಲಿಗೆಯ ದಾರ ಬಿಡಿಸಿಟ್ಟ ಹಾಗೆ ದುಂಡಗಿತ್ತು. ನೋಡಿ ಹೆಂಡತಿಯೂ "ಚೆನ್ನಾಗಿದೆ" ಎಂದಳು. ಅವಳ ಬಾಯಿಂದ ಆ ಮಾತು ವರ್ಷಕ್ಕೆ ಎರಡು ಸಲ ಬರುವುದು.

ಫಾಂಟಿನ ಜೊತೆಗೆ ನಾಲ್ಕು ಪುಟದ ಲೈಸೆನ್ಸ್ ಇತ್ತು. ಉಳಿದವರು ಇಂಥ ಕಡೆ ಕಣ್ಣು ಮುಚ್ಚಿ 'ಒಪ್ಪಿದೆ' ಎಂದು ಒತ್ತಿ ಮುಂದೆ ಹೋಗುತ್ತಾರಂತೆ. ನಾನು ಅಚ್ಚು ಹಾಕಿಸಿ, ಕೆಂಪು ಪೆನ್ಸಿಲ್ ಹಿಡಿದು, ಮೂರು ಸಲ ಓದಿದೆ.

"ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ" ಎಂದಳು ಹೆಂಡತಿ, ಬಾಯಲ್ಲಿ ಸೂಜಿ ಕಚ್ಚಿಕೊಂಡೇ.

ಮೊಳ ಹಾಕಿದ್ದರಿಂದಲೇ ಮಹತ್ವದ ವಿಷಯ ಹೊರಬಿತ್ತು. ಅಕ್ಷರ ಎಲ್ಲಿಗೆ ಹೋದರೂ ಲೈಸೆನ್ಸಿನ ಪ್ರತಿಯೂ ಅದರ ಜೊತೆಗೆ ಹೋಗತಕ್ಕದ್ದು. ನನಗೆ ರೋಮಾಂಚನವಾಯಿತು. ಲಗತ್ತಿನ ಬೆಲೆ ಬಲ್ಲವರು ಲೋಕದಲ್ಲಿ ಇನ್ನೂ ಒಬ್ಬರಿದ್ದಾರೆ! ನಾನು ಅದೇ ದುಂಡುಸಾಲಿನಲ್ಲಿ ಅಂಗಡಿಯ ರಶೀದಿ, ಬಟ್ಟೆಗೆ ಹಚ್ಚುವ ಅಳತೆಚೀಟಿ ಎಲ್ಲವನ್ನೂ ಅಚ್ಚು ಹಾಕಿಸಿದ್ದೆ. ಅಂದಮೇಲೆ ಚೀಟಿ ಹೋದಲ್ಲೆಲ್ಲ ಲೈಸೆನ್ಸೂ ಹೋಗಬೇಕು. ಗುರುವಾರ ಬೆಳಿಗ್ಗೆ ನೂರು ಪ್ರತಿ ತೆಗೆಸಿ, ಹೊಲಿದು ಮಡಚಿಟ್ಟ ಪ್ರತಿಯೊಂದು ಬಟ್ಟೆಗೂ ನಾಲ್ಕು ಪುಟದಂತೆ ಪಿನ್ ಮಾಡಿದೆ. ಒಂದು ಕರವಸ್ತ್ರಕ್ಕೂ ಮಾಡಿದೆ. ಕರವಸ್ತ್ರಕ್ಕಿಂತ ಲೈಸೆನ್ಸೇ ಭಾರವಾಯಿತು.

ಮಧ್ಯಾಹ್ನದ ಹೊತ್ತಿಗೆ ಜಾಲತಾಣವೂ ಸಿದ್ಧವಾಯಿತು. ನನ್ನ ಕಂಪ್ಯೂಟರಿನ ಪರದೆಯ ಮೇಲೆ ಅಂಗಡಿಯ ಹೆಸರು, ಕೆಳಗೆ ಮೂವತ್ತು ವರ್ಷದ ಅನುಭವ, ಅದರ ಕೆಳಗೆ ಯಾರು ಏನು ಹೊಲಿಯುತ್ತಾರೆ ಎಂಬ ಪಟ್ಟಿ, ಕೊನೆಯ ಸಾಲಿನಲ್ಲಿ ಲೈಸೆನ್ಸಿನಲ್ಲಿದ್ದ ಅಕ್ಷರ ಬರೆದವರ ಹೆಸರು, ಎಲ್ಲ ದುಂಡು ದುಂಡಾಗಿ ಹೊಳೆಯುತ್ತಿದ್ದವು. ಕಾಲರಕ್ಕ ತನ್ನ ಹೆಸರನ್ನು ಪರದೆಯ ಮೇಲೆ ಬೆರಳಿನಿಂದ ಮುಟ್ಟಿ ನೋಡಿದಳು. ಕಾಜಕ್ಕ, "ಅಣ್ಣಾ, ನನ್ನ ಹೆಸರು ಇಷ್ಟು ಚೆಂದ ಇದೆ ಅಂತ ನನಗೇ ಗೊತ್ತಿರಲಿಲ್ಲ" ಎಂದಳು. ವಿಳಾಸವನ್ನು ಶಾಲೆಗೆ ಕಳಿಸಿ, ಊಟ ಮಾಡಿ, ನೆಮ್ಮದಿಯಾಗಿ ಮಲಗಿದೆ.

ಅವತ್ತು ಸಂಜೆ ಮೊದಲು ಬಂದವನು ಬ್ಯಾಂಕಿನ ಕಾವಲುಗಾರ. ಒಂದು ಕೈಯಲ್ಲಿ ಹೊಸ ಪ್ಯಾಂಟು, ಇನ್ನೊಂದರಲ್ಲಿ ನಾಲ್ಕು ಪುಟ.

"ಅಕ್ಕಾ, ಇದೇನಿದು? 'ಇದ್ದದ್ದು ಇದ್ದ ಹಾಗೆ ಕೊಡಲಾಗಿದೆ, ಯಾವುದೇ ಖಾತರಿ ಇರುವುದಿಲ್ಲ, ಉಪಯೋಗಿಸುವಾಗ ಆಗುವ ನಷ್ಟಕ್ಕೆ ನಾವು ಹೊಣೆಯಲ್ಲ' ಅಂತ ಬರೆದಿದೆ. ನಾನು ದಿನಕ್ಕೆ ಐವತ್ತು ಸಲ ಬಗ್ಗಿ ಬಾಗಿಲ ಬೀಗ ತೆಗೀತೀನಿ. ಖಾತರಿ ಇಲ್ಲದ ಪ್ಯಾಂಟು ಹಾಕ್ಕೊಂಡು ಹೇಗೆ ಬಗ್ಗಲಿ?"

"ಅದು ಪ್ಯಾಂಟಿಗಲ್ಲಪ್ಪ, ಅಕ್ಷರಕ್ಕೆ" ಎಂದೆ ನಾನು.

"ಹಾಗಾದರೆ ಅಕ್ಷರಕ್ಕೇ ಪಿನ್ ಮಾಡಿ ಸ್ವಾಮಿ. ಇನ್ನೊಂದು ವಿಷಯ. 'ಬದಲಾಯಿಸಿದರೆ ಹಳೆಯ ಹೆಸರಿನಲ್ಲಿ ಹಂಚಬಾರದು' ಅಂತಲೂ ಇದೆ. ನಾನು ಇದನ್ನ ಗಿಡ್ಡ ಮಾಡಿ ನನ್ನ ತಮ್ಮನಿಗೆ ಕೊಡೋದಾದರೆ ಏನಂತ ಹೇಳಿ ಕೊಡಬೇಕು? ಪ್ಯಾಂಟು ಅನ್ನಬಾರದಾ?"

ನನ್ನ ಹೆಂಡತಿ ಅವನ ಕೈಯಿಂದ ಕಾಗದ ಕಿತ್ತುಕೊಂಡು, ಪ್ಯಾಂಟಿಗೆ ತಾನೇ ಖಾತರಿ ಎಂದು ಬಾಯಿಮಾತಿನಲ್ಲಿ ಹೇಳಿ ಕಳಿಸಿದಳು. ಬಾಯಿಮಾತಿಗೆ ದಾಖಲೆಯಿಲ್ಲ ಎಂದು ನಾನು ಹೇಳಹೊರಟಿದ್ದೆ. ಅವಳ ಕೈಯಲ್ಲಿ ದೊಡ್ಡ ಕತ್ತರಿ ಇತ್ತು, ಸುಮ್ಮನಾದೆ.

ಶುಕ್ರವಾರ ಪಕ್ಕದ ಔಷಧಿ ಅಂಗಡಿಯವರು ಬಂದರು. ಅವರು ಜಗತ್ತಿನ ಎಂಥ ವೈದ್ಯರ ಕೈಬರಹವನ್ನಾದರೂ ಓದಬಲ್ಲವರು.

"ನಿಮ್ಮ ಜಾಲತಾಣ ನೋಡಿದೆ" ಎಂದರು, ಮುಖ ಗಂಭೀರ ಮಾಡಿಕೊಂಡು. "ನಲವತ್ತು ವರ್ಷದಲ್ಲಿ ಮೊದಲನೇ ಸಲ ಸೋತೆ."

ಅವರ ಮೊಬೈಲಿನಲ್ಲಿ ನೋಡಿದರೆ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಕೆಲವಕ್ಕೆ ತಲೆಯ ಮೇಲೆ ಟೋಪಿ, ಕೆಲವಕ್ಕೆ ಕೊಂಬು, ಕೆಲವಕ್ಕೆ ಬಾಲ. ನಡುನಡುವೆ ಹಣದ ಚಿಹ್ನೆ, ಪ್ರಶ್ನೆಯ ಚಿಹ್ನೆ. ನಾನು ಒಳಗೆ ಹೋಗಿ ನನ್ನ ಕಂಪ್ಯೂಟರಿನಲ್ಲಿ ಪರೀಕ್ಷಿಸಿದೆ. ಎಲ್ಲ ದುಂಡಗೆ, ಸರಿಯಾಗಿತ್ತು.

"ದೋಷ ನಿಮ್ಮ ಮೊಬೈಲಿನದು" ಎಂದು ತೀರ್ಪು ಕೊಟ್ಟೆ. "ಪರದೆ ಒರೆಸಿ ನೋಡಿ."

ಒರೆಸಿದರು. ಟೋಪಿಗಳು ಇನ್ನೂ ಸ್ಪಷ್ಟವಾದವು.

ಮಧ್ಯಾಹ್ನ ಎದುರು ಮನೆ ಅಜ್ಜಿ ಬಂದು ನನ್ನ ಹೆಂಡತಿಯ ಕೈ ಹಿಡಿದುಕೊಂಡರು. "ಹೊರದೇಶದವರಿಗೆ ಹೊಲಿಯೋಕೆ ಶುರು ಮಾಡಿದ್ದೀಯಂತಲ್ಲಮ್ಮಾ, ಸಂತೋಷ. ಆದರೆ ನನ್ನ ಹೊದಿಕೆ ಅಂಚು ಮೊದಲು ಮುಗಿಸಿಕೊಡು." ಅವರ ಮೊಮ್ಮಗಳು ಜಾಲತಾಣ ನೋಡಿ ಅಜ್ಜಿಗೆ ಓದಿ ಹೇಳಲು ಯತ್ನಿಸಿದಳಂತೆ, ನಾಲಿಗೆ ತೊಡರಿತಂತೆ. ಅಷ್ಟರಲ್ಲಿ ಇನ್ನೂ ನಾಲ್ಕು ಜನರಿಂದ ಫೋನು. ಎಲ್ಲರಿಗೂ ನಾನು ಒಂದೇ ಉತ್ತರ ಕೊಟ್ಟೆ: "ಇಲ್ಲಿ ಸರಿಯಾಗಿದೆ. ಬೇಕಾದರೆ ಬಂದು ನೋಡಿ."

ಬಂದರು! ಸಂಜೆಯಾಗುವಷ್ಟರಲ್ಲಿ ನಮ್ಮ ಒಳಕೋಣೆಯಲ್ಲಿ ಹನ್ನೊಂದು ಜನ ಸಾಲಾಗಿ ನಿಂತು ನಮ್ಮ ಜಾಲತಾಣವನ್ನು ನೋಡುತ್ತಿದ್ದರು. ಮನೆಯಲ್ಲೇ ಕೂತು ಲೋಕದವರೆಲ್ಲ ನೋಡಲಿ ಎಂದು ಮಾಡಿದ ಜಾಲತಾಣವನ್ನು ನೋಡಲು ಲೋಕದವರೆಲ್ಲ ನಮ್ಮ ಮನೆಗೇ ಬರಬೇಕಾಯಿತು. ಕಾಲರಕ್ಕ ಎಲ್ಲರಿಗೂ ನೀರು ಕೊಟ್ಟು ಸುಸ್ತಾದಳು. "ಬಹಳ ಚೆನ್ನಾಗಿದೆ" ಎಂದರು ಔಷಧಿ ಅಂಗಡಿಯವರು. "ಶಾಲೆಯ ದೊಡ್ಡ ಮೇಡಮ್ಮೂ ಇಲ್ಲಿಗೇ ಬರ್ತಾರಾ?"

ಆಗ ಹೆಂಡತಿ ತಮ್ಮನನ್ನು ಕರೆಸಿದಳು. ಅವನು ಬಂದವನೇ ನೇರ ಕಂಪ್ಯೂಟರಿನ ಕಡೆ ನಡೆದ.

"ಭಾವ, ಐದು ನಿಮಿಷ ಕೊಡಿ. ಒಳಗಡೆ ಏನೇನು ಹಾಕಿದ್ದೀರಿ ಅಂತ ನೋಡಿಬಿಡ್ತೀನಿ."

ಕಂಪ್ಯೂಟರಿನಲ್ಲಿ ನನ್ನ ಮೂವತ್ತೊಂದು ವರ್ಷದ ಪಿಂಚಣಿ ಕಾಗದಗಳಿವೆ. ಬಂದವರೆಲ್ಲ ಕೈ ಹಾಕಲು ಅದೇನು ಸಾರ್ವಜನಿಕ ನಲ್ಲಿಯೇ? "ಬರವಣಿಗೆಯಲ್ಲಿ ಕೇಳು" ಎಂದೆ. ಅವನು ಅಳತೆಪುಸ್ತಕದ ಹಾಳೆ ಹರಿದು ಅಲ್ಲೇ ಎರಡು ಸಾಲು ಗೀಚಿ ಕೊಟ್ಟ. ಗುರುತಿನ ಚೀಟಿಯ ಪ್ರತಿ ಇರಲಿಲ್ಲ. ಅಭ್ಯಾಸಬಲ ನೋಡಿ, ನನ್ನ ಕೈ ತಾನಾಗಿಯೇ ಮೇಜಿನ ಖಾನೆಗೆ ಹೋಗಿ ಸೀಲು ತೆಗೆದು ಒತ್ತಿಬಿಟ್ಟಿತು: ಲಗತ್ತು ಇಲ್ಲ. ಹಿಂದಿರುಗಿಸಿದೆ.

ಬಾಮೈದ ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡ. "ಸರಿ ಭಾವ. ನೀವಾಗಿ ಕರೆದರೆ ಮಾತ್ರ ಬರ್ತೀನಿ" ಎಂದು ಹೋದ. ಹೆಂಡತಿ ಅವತ್ತು ಬಡಿಸಿದಳು, ಮಾತಾಡಲಿಲ್ಲ.

ಶನಿವಾರ ಶಾಲೆಯಿಂದ ಸಂದೇಶ ಬಂತು. 'ನಿಮ್ಮ ಜಾಲತಾಣವನ್ನು ನಮ್ಮ ಮೂವರು ಭಾಷಾ ಶಿಕ್ಷಕರೂ ಓದಲು ಪ್ರಯತ್ನಿಸಿದರು. ಆ ಭಾಷೆಯನ್ನು ನಮ್ಮ ಶಾಲೆಯಲ್ಲಿ ಕಲಿಸುತ್ತಿಲ್ಲ. ಸೋಮವಾರ ಹನ್ನೊಂದರೊಳಗೆ ಓದಲು ಬರುವಂತೆ ಕಳಿಸಿದರೆ ಪರಿಗಣಿಸುತ್ತೇವೆ.'

ಹೆಂಡತಿ ಅದನ್ನು ಓದಿ ಮೊಬೈಲನ್ನು ಯಂತ್ರದ ಮೇಲಿಟ್ಟಳು. ಕಾಜಕ್ಕ ಮತ್ತು ಕಾಲರಕ್ಕ ಒಬ್ಬರನ್ನೊಬ್ಬರು ನೋಡಿಕೊಂಡರು. ಮೂರು ಯಂತ್ರಗಳೂ ನಿಂತವು. ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಯಿತು.

ಹೆದರಿದಾಗ ನಾನು ಮಾಡುವುದು ಒಂದೇ ಕೆಲಸ: ಪತ್ರ ಬರೆಯುವುದು. ಲೈಸೆನ್ಸಿನ ಕೊನೆಯಲ್ಲಿ ಆ ಅಕ್ಷರಗಳನ್ನು ರಚಿಸಿದವರ ಮಿಂಚಂಚೆ ವಿಳಾಸವಿತ್ತು. ಅವರಿಗೆ ವಿಷಯ, ಉಲ್ಲೇಖ ಸಮೇತ ಬರೆದೆ. 'ತಮ್ಮ ಅಕ್ಷರಗಳು ನನ್ನ ಮನೆಯಲ್ಲಿ ವಿಧೇಯವಾಗಿದ್ದು, ಹೊಸ್ತಿಲು ದಾಟಿದ ಕೂಡಲೇ ವೇಷ ಬದಲಿಸುತ್ತಿವೆ. ತಮ್ಮ ಲೈಸೆನ್ಸಿನ ಎಲ್ಲ ನಿಬಂಧನೆಗಳನ್ನೂ ಪಾಲಿಸಿರುತ್ತೇನೆ. ಕಾರಣ ತಿಳಿಸಬೇಕಾಗಿ ಪ್ರಾರ್ಥನೆ.' ಲಗತ್ತುಗಳು ಏಳು. ನನ್ನ ಪರದೆಯ ಚಿತ್ರ, ಔಷಧಿ ಅಂಗಡಿಯವರ ಮೊಬೈಲಿನ ಚಿತ್ರ, ಶಾಲೆಯ ಸಂದೇಶ, ಕೆಂಪು ಪೆನ್ಸಿಲ್ ಗುರುತಿನ ಲೈಸೆನ್ಸ್, ಲೈಸೆನ್ಸ್ ಪಿನ್ ಮಾಡಿದ ಪ್ಯಾಂಟಿನ ಚಿತ್ರ, ಕರವಸ್ತ್ರದ ಚಿತ್ರ, ನನ್ನ ತರಬೇತಿಯ ಪ್ರಮಾಣಪತ್ರ. ಫೋನ್ ನಂಬರನ್ನೂ ಬರೆದೆ.

ಭಾನುವಾರ ಉತ್ತರವಿಲ್ಲ. ನಾನು ಇಪ್ಪತ್ತಾರು ಸಲ ನನ್ನ ಕಂಪ್ಯೂಟರಿನಲ್ಲಿ ಜಾಲತಾಣ ತೆರೆದು ನೋಡಿದೆ. ಇಪ್ಪತ್ತಾರು ಸಲವೂ ಸರಿಯಾಗಿತ್ತು. ಇದು ಸಮಾಧಾನಕರ ಅಂಶ ಎಂದು ಹೆಂಡತಿಗೆ ಹೇಳಿದೆ. ಅವಳು ಕಾಜಕ್ಕನ ಕುರ್ಚಿಯ ಹರಿದ ದಿಂಬನ್ನು ಹೊಲಿಯುತ್ತಿದ್ದಳು. "ಹೋಗುವಾಗ ಇದನ್ನೂ ತಗೊಂಡು ಹೋಗಲಿ. ಅವಳ ಬೆನ್ನಿಗೆ ಒಗ್ಗಿದೆ" ಎಂದಳು.

ಸೋಮವಾರ ಒಂಬತ್ತೂವರೆಗೆ ಫೋನು ಬಂತು. ನನಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ಸ್ಪೀಕರ್ ಹಾಕಿಯೇ ಮಾತಾಡುವುದು. ಅಂಗಡಿಯಲ್ಲಿದ್ದ ಮೂವರಿಗೂ ಕೇಳಿಸಿತು.

"ದುಂಡುಸಾಲು ಬರೆದವಳು ನಾನೇ" ಎಂದಿತು ವಯಸ್ಸಾದ ಹೆಂಗಸಿನ ದನಿ. "ಮೊದಲು ಬೋರ್ಡು ಬರೀತಿದ್ದೆ, ಆಮೇಲೆ ಕಂಪ್ಯೂಟರಿನಲ್ಲಿ ಬರೆದೆ. ಹದಿನೆಂಟು ವರ್ಷದಲ್ಲಿ ಎಷ್ಟೋ ಸಾವಿರ ಜನ ತಗೊಂಡಿದ್ದಾರೆ. ಲೈಸೆನ್ಸ್ ಓದಿದವರು ನೀವೊಬ್ಬರೇ."

ನಾನು ಎದ್ದು ನಿಂತೆ. ಇಂಥ ಮಾತನ್ನು ಕೂತು ಕೇಳಬಾರದು.

"ಆದರೆ ಪ್ಯಾಂಟಿಗೆ ಯಾಕೆ ಪಿನ್ ಮಾಡಿದ್ರಿ?"

"ಜೊತೆಗೆ ಕೊಡತಕ್ಕದ್ದು ಅಂತ ನೀವೇ ಬರೆದಿದ್ದೀರಲ್ಲಮ್ಮಾ."

"ಫಾಂಟಿನ ಫೈಲನ್ನ ಯಾರಿಗಾದರೂ ಕೊಟ್ಟರೆ ಅದರ ಜೊತೆ ಕೊಡಬೇಕು ಸ್ವಾಮಿ. ಅದರಲ್ಲಿ ಬರೆದ ರಶೀದಿಗೆ, ಚೀಟಿಗೆ ಏನೂ ಬೇಡ." ಆಕೆ ನಗುವನ್ನು ತಡೆದುಕೊಳ್ಳುತ್ತಿರುವುದು ಕೇಳಿಸಿತು. "ಇರಲಿ. ಈಗ ಹೇಳಿ, ಆ ಫೈಲನ್ನ ಜಾಲತಾಣದ ಜೊತೆ ಹಾಕಿದ್ದೀರಾ?"

"ಯಾವ ಫೈಲು?"

"ಅಕ್ಷರದ ಫೈಲು. ಇದು ಹಳೇ ಕಾಲದ ಫಾಂಟು. ಫೈಲು ಇದ್ದ ಕಡೆ ನಮ್ಮ ಲಿಪಿ, ಇಲ್ಲದ ಕಡೆ ಟೋಪಿ, ಬಾಲ. ನಿಮ್ಮ ಕಂಪ್ಯೂಟರಿನಲ್ಲಿ ಇದೆ, ನಿಮಗೆ ಕಾಣುತ್ತೆ. ಬೇರೆಯವರಿಗೆ ಕಾಣಬೇಕಾದರೆ ಜಾಲತಾಣದ ಜೊತೆಗೇ ಅದನ್ನೂ ಕಳಿಸಬೇಕು. ನೀವು ನನಗೆ ಏಳು ಲಗತ್ತು ಕಳಿಸಿದ್ದೀರಿ. ಪ್ಯಾಂಟು ಇದೆ, ಕರವಸ್ತ್ರ ಇದೆ. ಜಾಲತಾಣಕ್ಕೆ ಬೇಕಾದ ಲಗತ್ತು ಒಂದೇ ಒಂದು. ಅದು ಇಲ್ಲ."

ಬಗಲಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವರ ಕತೆ ನಾನು ಕೇಳಿದ್ದೆ. ಆ ಊರಿನವರೆಲ್ಲ ನೋಡಲು ನಮ್ಮ ಒಳಕೋಣೆಗೇ ಬಂದು ಹೋಗಿದ್ದರು.

ಮೊದಲು ನಕ್ಕವಳು ಕಾಜಕ್ಕ. ಆಮೇಲೆ ಕಾಲರಕ್ಕ. ನನ್ನ ಹೆಂಡತಿ ಬಾಯಿಯ ಸೂಜಿ ತೆಗೆದಿಟ್ಟು, ಯಂತ್ರದ ಮೇಲೆ ತಲೆಯಿಟ್ಟು, ಭುಜ ಕುಲುಕಿಸುತ್ತ ನಕ್ಕಳು. ನಾಲ್ಕು ದಿನದಿಂದ ಆ ಸದ್ದು ಕೇಳಿರಲಿಲ್ಲ. ಅವಮಾನವೇನೋ ಆಯಿತು. ಆದರೂ ಇನ್ನಷ್ಟು ಹೊತ್ತು ನಗಲಿ ಅನ್ನಿಸಿತು.

ನಾನೇ ಫೋನ್ ಮಾಡಿ ಬಾಮೈದನನ್ನು ಕರೆದೆ. ಹತ್ತೂ ಹತ್ತಕ್ಕೆ ಬಂದ. ಒಳಗೆ ಬರುವ ಮೊದಲು ಜೇಬಿನಿಂದ ಅದೇ ನಾಲ್ಕು ಮಡಿಕೆಯ ಹಾಳೆ ತೆಗೆದು ನನ್ನ ಕೈಗಿಟ್ಟ. ಅದರ ಹಿಂದೆ ಗುರುತಿನ ಚೀಟಿಯ ಪ್ರತಿಯನ್ನು ಪಿನ್ ಮಾಡಿದ್ದ.

"ಈಗ ಸರಿ ಇದೆಯಾ ಭಾವ?"

"ಸರಿ ಇದೆ" ಎಂದು ಕುರ್ಚಿ ಬಿಟ್ಟುಕೊಟ್ಟೆ.

ಆರು ನಿಮಿಷ ಹಿಡಿಯಿತು. ಫಾಂಟಿನ ಫೈಲು ಹಾಕಿದ. ಅದರ ಪಕ್ಕದಲ್ಲೇ ಲೈಸೆನ್ಸನ್ನು ನನ್ನ ಕೈಯಿಂದಲೇ ಇಡಿಸಿದ. ಔಷಧಿ ಅಂಗಡಿಯವರು ತಮ್ಮ ಬಾಗಿಲಿನಿಂದಲೇ, "ಟೋಪಿ ಬಿತ್ತು! ಬಾಲ ಉದುರಿತು! ಕಾಣ್ತಾ ಇದೆ!" ಎಂದು ಕೂಗಿದರು. ಹತ್ತೂ ಇಪ್ಪತ್ತಕ್ಕೆ ಶಾಲೆಗೆ ತಿಳಿಸಿದೆವು. ಆಮೇಲೆ ಐದೂ ಜನ ಗಡಿಯಾರ ನೋಡುತ್ತ ಕೂತೆವು. ಹನ್ನೊಂದಾಯಿತು. ಹನ್ನೊಂದೂ ಕಾಲಾಯಿತು. ಕಾಲರಕ್ಕ ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ಟೋಪಿಯನ್ನು ತೆಗೆಯುವುದು, ಹಾಕುವುದು ಮಾಡುತ್ತಿದ್ದಳು.

ಹನ್ನೊಂದೂವರೆಗೆ ಮುಖ್ಯೋಪಾಧ್ಯಾಯಿನಿಯವರೇ ಫೋನ್ ಮಾಡಿದರು. ಹೆಂಡತಿ ಫೋನನ್ನು ನನಗೇ ಕೊಟ್ಟಳು. ನಾನು ಸ್ಪೀಕರ್ ಹಾಕಿದೆ.

"ಈಗ ಓದೋಕೆ ಬಂತು" ಎಂದರು. "ಕೊನೆಯ ಸಾಲಿನವರೆಗೂ ಓದಿದೆ. ಕಾಲರ್ ಕೂರಿಸುವವರು ಇಂಥವರು, ಕಾಜಾ ಹೊಲಿಯುವವರು ಇಂಥವರು, ಈ ಅಕ್ಷರ ಬರೆದವರು ಇಂಥವರು ಅಂತ ಬರೆದಿದ್ದೀರಲ್ಲ, ಯಾರು ಬರೆಸಿದ್ದು?"

"ಯಾರೂ ಬರೆಸಲಿಲ್ಲ ಮೇಡಂ. ಮಾಡಿದವರ ಹೆಸರು ಬಿಡಬಾರದಲ್ಲ" ಎಂದೆ.

"ಉಳಿದ ನಾಲ್ಕು ಅಂಗಡಿಯವರ ಜಾಲತಾಣದಲ್ಲಿ ಮಾಲೀಕರ ಫೋಟೋ ಮಾತ್ರ ಇದೆ. ಅಕ್ಷರ ಬರೆದವರ ಹೆಸರನ್ನೇ ಬಿಡದವರು ನಮ್ಮ ಮುನ್ನೂರು ಮಕ್ಕಳ ಅಳತೆಯಲ್ಲಿ ಒಂದನ್ನೂ ಬಿಡೋದಿಲ್ಲ ಅಂದ್ಕೊಂಡಿದ್ದೀನಿ. ನಾಳೆಯಿಂದ ಅಳತೆ ತಗೊಳ್ಳೋಕೆ ಬನ್ನಿ."

ಕಾಜಕ್ಕ ಕುರ್ಚಿಯ ಮೇಲೆ ತನ್ನ ದಿಂಬನ್ನು ಸರಿಮಾಡಿಕೊಂಡು ಗಟ್ಟಿಯಾಗಿ ಕೂತಳು. ಹೆಂಡತಿ ಎದ್ದು ಒಳಗೆ ಹೋದಳು. ಹಾಗೆ ಹೋದರೆ ಏನರ್ಥ ಎಂದು ಮೊದಲೇ ಹೇಳಿದ್ದೇನೆ.

ಸ್ವಲ್ಪ ಹೊತ್ತಿಗೆ ನಾನೂ ಒಳಗೆ ಹೋದೆ. ಅವಳು ನನ್ನ ಮೇಜಿನ ಮುಂದೆ ನಿಂತಿದ್ದಳು, ಕೈಯಲ್ಲಿ ನನ್ನ ಸೀಲು.

"ಕೈ ಕೊಡಿ ಇಲ್ಲಿ" ಎಂದಳು.

"ಯಾಕೆ?"

"ಕೊಡಿ ಅಂದ್ರೆ ಕೊಡಿ."

ಅಂಗೈ ಚಾಚಿದೆ. ಇಂಕಿನ ಪ್ಯಾಡಿಗೆ ಚೆನ್ನಾಗಿ ಅದ್ದಿ, ನನ್ನ ಅಂಗೈ ಮೇಲೆ ತನ್ನ ಭಾರವನ್ನೆಲ್ಲ ಬಿಟ್ಟು ಒತ್ತಿದಳು. ಮೂವತ್ತೊಂದು ವರ್ಷ ಊರಿನವರಿಗೆಲ್ಲ ಒತ್ತಿದ ಎರಡು ಮಾತು ನನ್ನ ಕೈಯಲ್ಲೇ ಮೂಡಿತು: ಲಗತ್ತು ಇಲ್ಲ. ಹಿಂದಿರುಗಿಸಿದೆ.

ಅವಳು ಒಂದು ಕ್ಷಣ ಅದನ್ನೇ ನೋಡಿದಳು. ಆಮೇಲೆ ನನ್ನ ಜೇಬಿನಿಂದ ಕೆಂಪು ಪೆನ್ಸಿಲ್ ತೆಗೆದು, ನಾಲಿಗೆಗೆ ತಾಗಿಸಿ, 'ಹಿಂದಿರುಗಿಸಿದೆ' ಎಂಬುದರ ಮೇಲೆ ನೀಟಾಗಿ ಒಂದು ಗೆರೆ ಎಳೆದಳು. ಅದರ ಕೆಳಗೆ ದುಂಡಗೆ ಬರೆದಳು: 'ಇಟ್ಟುಕೊಂಡಿದೆ.'